ಐಪಿಎ ಘಮದ ಲಾಗರ್

ಹೊಪೋನಿಯಸ್ ಯೂನಿಯನ್ ಕ್ಯಾನನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟೆ. ಬಿಯರ್ ತೀರಾ ತಣ್ಣಗಿದ್ದರೆ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಘಮ ಮೇಲೇಳುವುದೇ ಇಲ್ಲ, ಇದನ್ನು ಕುಡಿಯುವುದೇ ಆ ಘಮಕ್ಕಾಗಿ. ಅಮೆರಿಕದ ಮಸಾಚುಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿರುವ ಜ್ಯಾಕ್ಸ್ ಆ್ಯಬಿ ಬ್ರೂವರಿಯವರ ಬಿಯರ್ ಇದು. 2011ರಲ್ಲಿ ಶುರು ಮಾಡಿದವರು, ತಂಪಿನಲ್ಲಿ ಹುದುಗಿಸುವ ಬಿಯರಾದ ಲಾಗರ್‌ಗೇ ಹೆಸರಾದವರು. ಈ ಶೈಲಿಗೆ ಇಂಡಿಯಾ ಪೇಲ್ ಲಾಗರ್ ಅಂತಾರೆ. ಆಲ್ಕೋಹಾಲ್ 6.5%.

ಲಾಗರ್ ಮತ್ತು ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜೋರಾಗಿರುವ ಬಿಯರ್) ಸೇರಿದ ಬಿಯರ್ ಅಂದ ತಕ್ಷಣ ಎರಡನ್ನೂ ಒಂದೇ ಗ್ಲಾಸಿಗೆ ಸುರಿದದ್ದು ಅಂದುಕೊಳ್ಳಬೇಡಿ. ಇದಕ್ಕೆ ಹಾಕುವ ಯೀಸ್ಟ್ ಲಾಗರ್‌ನದು, ಹಾಪ್ಸ್ ಮಾತ್ರ ಐಪಿಎಯಷ್ಟು. ಐಪಿಎ ಒಂದು ಏಲ್, ಅಂದರೆ ಬೆಚ್ಚಗೆ ಹುದುಗಿಸುವ ಬಿಯರ್. ಏಲ್ ಯೀಸ್ಟ್ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ. ಆ ಬೆಚ್ಚಗೆಯಲ್ಲಿ ಬಾಳೆಹಣ್ಣು, ಪೇರ್ ಹಣ್ಣಿನಂಥ ವಾಸನೆಗಳನ್ನು ತಾನೇ ಹುಟ್ಟಿಸುತ್ತದೆ. ಲಾಗರ್ ಯೀಸ್ಟಿಗೆ 8ರಿಂದ 13 ಡಿಗ್ರಿ ಸಾಕು. ಹುದುಗಿದ ಮೇಲೆ ಬಿಯರನ್ನು ಸೊನ್ನೆಯ ಹತ್ತಿರದ ತಂಪಿನಲ್ಲಿ ವಾರಗಟ್ಟಲೆ ಇಡುತ್ತಾರೆ. ಈ ಯೀಸ್ಟ್ ತನ್ನ ವಾಸನೆಯನ್ನು ಹೆಚ್ಚು ಬಿಡುವುದಿಲ್ಲ. ಹಾಗಾಗಿ ಮೂಗಿಗೆ ಹತ್ತುವ ಹಣ್ಣಿನ ಘಮವೆಲ್ಲ ಹೆಚ್ಚುಕಡಿಮೆ ಹಾಪ್ಸ್‌ನದೇ. ನನಗೆ ಈ ಶೈಲಿ ಹಿಡಿಸಿದ್ದೇ ಈ ಕಾರಣಕ್ಕೆ.

ಗ್ಲಾಸಿಗೆ ಬಗ್ಗಿಸಿದಾಗ ಬಣ್ಣ ಹೊನ್ನಿನಿಂದ ತುಸು ತಾಮ್ರದ ಕಡೆಗಿತ್ತು. ನೊರೆ ಬಿಳಿ, ಸಣ್ಣ ಗುಳ್ಳೆಗಳದು. ಬಿಯರ್ ಇಳಿದ ಹಾಗೆಲ್ಲ ಗ್ಲಾಸಿನ ಒಳಮೈಗೆ ಬಲೆಯ ಹಾಗೆ ಅಂಟಿಕೊಂಡೇ ಉಳಿಯಿತು. ಮೂಗು ಹತ್ತಿರ ತಂದರೆ ಮೊದಲು ಚಕ್ಕೋತದ ಸಿಪ್ಪೆ, ಅದರ ಹಿಂದೆಯೇ ಮಾವು. ಇನ್ನೊಂದು ಸಲ ಮೂಸಿದಾಗ ಅಡಿಯಲ್ಲಿ ಬ್ರೆಡ್ಡಿನ ಹೊರಪದರದ ವಾಸನೆಯೂ ಇತ್ತು, ಅದು ಮಾಲ್ಟ್‌ನದು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳಿನದು. ಇದರಲ್ಲಿ ಹಾಕುವುದು ಸಿಟ್ರಾ ಮತ್ತು ಸೆಂಟೆನಿಯಲ್ ಹಾಪ್ಸ್. ಮಾವು ಸಿಟ್ರಾದ್ದು ಅಂತ ನನ್ನ ಮೂಗು ಹೇಳುತ್ತದೆ.

ಮೊದಲ ಗುಟುಕಿಗೆ ಮಾಲ್ಟ್‌ನ ಸಿಹಿ ನಾಲಿಗೆಯ ಮುಂದೆ ಬಂತು. ಅದು ಪೂರ್ತಿ ಹರಡುವ ಮೊದಲೇ ಎರಡೂ ಪಕ್ಕದಿಂದ ಕಹಿ ಏರಿತು. ಇದು ಗಟ್ಟಿ ಕಹಿಯೇ, ಐಪಿಎಗಿಂತ ಕಡಿಮೆಯೇನಲ್ಲ. ನಾನು ಕಾಯುತ್ತಿದ್ದದ್ದು ನುಂಗಿದ ಮೇಲಿನ ಕ್ಷಣಗಳಿಗೆ. ಎಷ್ಟೋ ಐಪಿಎಗಳಲ್ಲಿ ಕಹಿ ಗಂಟಲಲ್ಲೇ ಕೂತುಬಿಡುತ್ತದೆ, ಅದರ ಮೇಲೆ ಕ್ಯಾರಮೆಲ್ ಸಿಹಿಯೂ ಜಿಗುಟಾಗಿ ಮೆತ್ತಿಕೊಂಡಿರುತ್ತದೆ. ಇಲ್ಲಿ ಕಹಿ ಏರಿದಷ್ಟೇ ಚುರುಕಾಗಿ ಇಳಿದು ಬಾಯಿ ಒಣಗಿತು, ಕಿತ್ತಳೆ ಸಿಪ್ಪೆಯ ಪರಿಮಳ ಮಾತ್ರ ನಿಂತಿತು. ನನ್ನ ಪ್ರಕಾರ ಇಂಡಿಯಾ ಪೇಲ್ ಲಾಗರ್ ಗೆಲ್ಲುವುದೋ ಸೋಲುವುದೋ ಇಲ್ಲೇ. ಗುಟುಕಿನ ಕೊನೆ ಚೊಕ್ಕವಾಗಿಲ್ಲದಿದ್ದರೆ ಅಷ್ಟು ವಾರ ತಂಪಿನಲ್ಲಿಟ್ಟು ಏನು ಬಂತು?

ಎರಡು ಪರಂಪರೆಗಳನ್ನು ಹೀಗೆ ಕೂಡಿಸುವುದು ಸುಲಭವಲ್ಲ, ಯಾಕೆಂದರೆ ಅವುಗಳ ನೀರೇ ಬೇರೆ. ಪೇಲ್ ಏಲ್‌ಗೆ ಹೆಸರಾದ ಇಂಗ್ಲೆಂಡಿನ ಬರ್ಟನ್‌ನ ಬಾವಿ ನೀರಿನಲ್ಲಿ ಜಿಪ್ಸಮ್ ಹೇರಳ. ಅದರ ಸಲ್ಫೇಟ್ ಹಾಪ್ಸ್ ಕಹಿಗೆ ಮೊನಚು ಕೊಡುತ್ತದೆ. 1842ರಲ್ಲಿ ಯೋಸೆಫ್ ಗ್ರೋಲ್ ಹೊಂಬಣ್ಣದ ಲಾಗರ್ ಮಾಡಿದ ಬೊಹೀಮಿಯಾದ (ಈಗಿನ ಚೆಕ್ ದೇಶದ) ಪಿಲ್ಸೆನ್‌ನಲ್ಲಿ ನೀರು ತೀರಾ ಮೆದು, ಲವಣ ಕಡಿಮೆ, ಅಲ್ಲಿನ ಕಹಿ ಅಷ್ಟೇ ದುಂಡಗೆ. ಎರಡೂ ಬೇಕೆನ್ನುವ ಬ್ರೂವರ್ ಯಾವ ಕಡೆ ಎಷ್ಟು ವಾಲಬೇಕು ಅಂತ ನೀರಿನ ಹಂತದಲ್ಲೇ ತೀರ್ಮಾನಿಸಬೇಕು. ಈ ಗ್ಲಾಸಿನಲ್ಲಿ ಮೊನಚೇ ಮುಂದಿತ್ತು ಅನ್ನಿಸಿತು.

ಬೇರೊಂದು ಬ್ರೂವರಿಯ ಇಂಥದೇ ಬಿಯರಿನಲ್ಲಿ ಬೆಣ್ಣೆ ವಾಸನೆ ಹೊಡೆದು ಗ್ಲಾಸನ್ನು ಅಲ್ಲಿಗೇ ಬಿಟ್ಟಿದ್ದೆ. ಅದು ಡೈಅಸಿಟೈಲ್, ಹುದುಗುವಾಗ ಹುಟ್ಟುವ ಒಂದು ವಸ್ತು. ಹುದುಗುವಿಕೆ ಮುಗಿಯುವ ಹೊತ್ತಿಗೆ ಒಂದೆರಡು ದಿನ ಬಿಸಿ ಸ್ವಲ್ಪ ಏರಿಸಿದರೆ ಯೀಸ್ಟೇ ಅದನ್ನು ತಿಂದು ಹಾಕುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಲಾಗರ್‌ಗೆ ಕೈ ಹಾಕಬಾರದು ಅಂತಲೇ ನನ್ನ ಅಭಿಪ್ರಾಯ.

ಈಚೆಗೆ ಕೋಲ್ಡ್ ಐಪಿಎ ಅನ್ನುವುದೂ ಬಂದಿದೆ. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ವೇಫೈಂಡರ್ ಬ್ರೂವರಿಯಲ್ಲಿ ಕೆವಿನ್ ಡೇವಿ ಶುರು ಮಾಡಿದ್ದು. ಅದರಲ್ಲಿ ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಸೇರಿಸಿ ಬಿಯರಿನ ಮೈಯನ್ನು ಇನ್ನೂ ತೆಳ್ಳಗೆ ಮಾಡುತ್ತಾರೆ, ಲಾಗರ್ ಯೀಸ್ಟನ್ನು ವಾಡಿಕೆಗಿಂತ ಬೆಚ್ಚಗೆ ಹುದುಗಿಸುತ್ತಾರೆ. ಗರಿಗರಿಯಾಗಿರುತ್ತದೆ ನಿಜ, ಆದರೆ ನನಗೆ ಹಾಪ್ಸ್ ಅಡಿಯಲ್ಲಿ ಆ ಬ್ರೆಡ್ಡಿನ ವಾಸನೆ ಬೇಕೇ ಬೇಕು.

ಕೊಳ್ಳುವಾಗ ಕ್ಯಾನಿನ ಅಡಿಯಲ್ಲಿ ತಾರೀಖು ಇದೆಯಾ ನೋಡಿ. ಲಾಗರ್ ಅಂದಮಾತ್ರಕ್ಕೆ ಇಟ್ಟಷ್ಟೂ ಒಳ್ಳೆಯದಲ್ಲ. ತಿಂಗಳುಗಳು ಕಳೆದ ಹಾಗೆ ಮೊದಲು ಮಾಯವಾಗುವುದು ಹಾಪ್ಸ್ ಘಮ, ಉಳಿಯುವುದು ಬರೀ ಕಹಿ. ಹಸಿರು ಬಾಟಲಿಯಲ್ಲಿದ್ದು ಬೆಳಕಿಗೆ ಕೂತಿದ್ದರಂತೂ ಬೇಡವೇ ಬೇಡ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶವೇ ಒಡೆದು ಗಬ್ಬು ವಾಸನೆಯಾಗುತ್ತದೆ.