ಅಮಾಲ್ಫಿ ಕಡೆ ಹೋಟೆಲ್ ಬುಕ್ ಮಾಡೋರೆ, ಸೀ ವ್ಯೂ ಆಮೇಲೆ, ಮೊದಲು ಮೆಟ್ಟಿಲು ಕೇಳಿ

ಇಟಲಿಯ ಅಮಾಲ್ಫಿ ಕರಾವಳಿಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋ ಪ್ಲಾನ್ ಇದ್ರೆ ಹೋಟೆಲಿಗೆ ದುಡ್ಡು ಕಟ್ಟೋಕೆ ಮುಂಚೆ ಇದನ್ನೊಂದು ಓದ್ಬಿಡಿ. ಇಪ್ಪತ್ತೈದು ವಯಸ್ಸು, ಬೆನ್ನಿಗೊಂದು ಬ್ಯಾಗು ಅನ್ನೋರಿಗೆ ಇದು ಬೇಕಾಗಿಲ್ಲ, ಅವರು ಎಲ್ಲಿದ್ರೂ ಮಜಾ ಮಾಡ್ಕೊಂಡು ಬರ್ತಾರೆ. ನಾನು ಜರ್ಮನೀಲಿ ಕೆಲಸದಲ್ಲಿರೋದು, ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ರು, ಅಮ್ಮಂಗೆ ಮಂಡಿನೋವು, ಮೊಟ್ಟೆ ಕೂಡ ಮುಟ್ಟಲ್ಲ. ಜೂನ್ ಕೊನೆ, ಬಿಸಿಲು ಸರಿಯಾಗಿತ್ತು. ನಂಗೆ ಜನಜಂಗುಳಿ ಏನೂ ಬೇಜಾರಿಲ್ಲ, ಮೆಟ್ಟಿಲು ಮಾತ್ರ ಆಗಲ್ಲ, ಅದನ್ನ ತಲೇಲಿಟ್ಕೊಂಡು ಓದಿ.

ಫೋಟೋಗಳಲ್ಲಿ ಗುಲಾಬಿ ಹಳದಿ ಮನೆಗಳು ಒಂದರ ನೆತ್ತಿ ಮೇಲೆ ಇನ್ನೊಂದು ಕಾಣ್ತಾವಲ್ಲ, ಆ ಮನೆಗಳ ಮಧ್ಯ ರೋಡಿಲ್ಲ ಕಣ್ರೀ. ಬೆಟ್ಟ ಸೀದಾ ಸಮುದ್ರಕ್ಕೆ ಇಳಿಯುತ್ತೆ, ಅದರ ಮಗ್ಗುಲಲ್ಲಿ ಎಸ್‌ಎಸ್ 163 ಅಂತ ಒಂದೇ ಒಂದು ಸಣ್ಣ ರೋಡು ವಿಯೆತ್ರಿಯಿಂದ ಪೊಸಿಟಾನೋ ಕಡೆಗೆ ಹೋಗುತ್ತೆ, ಮಿಕ್ಕಿದ್ದು ಮುಕ್ಕಾಲುಪಾಲು ಮೆಟ್ಟಿಲೇ. 1997ರಲ್ಲಿ ಯುನೆಸ್ಕೋದವರು ಪಟ್ಟಿಗೆ ಸೇರ್ಸಿದಾರೆ, ನೋಡೋಕೆ ಚೆಂದ ಅನ್ನೋದರಲ್ಲಿ ಎರಡು ಮಾತಿಲ್ಲ. ಆದ್ರೆ ಸೂಟ್‌ಕೇಸ್ ಎಳ್ಕೊಂಡು ಹೋಗೋರಿಗೆ ಆಗೋ ಜಾಗ ಅಲ್ಲ.

ನಾವು ಮೊದಲು ಇಳ್ಕೊಂಡಿದ್ದು ಪ್ರಯಾನೋದಲ್ಲಿ, ಪೊಸಿಟಾನೋಗೂ ಅಮಾಲ್ಫಿಗೂ ಮಧ್ಯ ಬರೋ ಊರು. ಹೋಟೆಲ್ ಹೆಸರು ಬೇಡ. ಬೀಚ್‌ಗೆ 300 ಮೀಟರ್ ಅಂತ ಹಾಕಿದ್ರು, ಸುಳ್ಳು ಅನ್ನೋಕಾಗಲ್ಲ, ಮ್ಯಾಪ್ ಮೇಲೆ ಗೆರೆ ಎಳೆದ್ರೆ 300 ಮೀಟರೇ, ಆದ್ರೆ ಆ ಗೆರೆ ಎಳೆಯೋಕಷ್ಟೇ ಬರುತ್ತೆ, ನಡೆಯೋಕೆ ಬರಲ್ಲ. ಟ್ಯಾಕ್ಸಿಯವನು ರೋಡ್ ಪಕ್ಕ ಒಂದು ಗೋಡೆ ಹತ್ರ ನಿಲ್ಸಿ ಬೆರಳು ಮೇಲಕ್ಕೆ ತೋರಿಸಿ ಹೊರಟೇ ಬಿಟ್ಟ. ಇನ್ನೂರು ಚಿಲ್ರೆ ಮೆಟ್ಟಿಲು, ಒಂದೊಂದೂ ಒಂದೊಂದು ಎತ್ತರ, ಹಿಡ್ಕೊಳ್ಳೋ ಕಂಬಿ ಅರ್ಧ ದಾರಿಗೆ ಖಾಲಿ. ಅಮ್ಮ ಎರಡೂ ಕೈ ಮಂಡಿ ಮೇಲಿಟ್ಟು ಒಂದೇ ಕಾಲು ಮುಂದಿಟ್ಟು ಹತ್ತೋದು, ತಿರುವು ಬಂದ ಕಡೆ ನಿಂಬೆ ತೋಟದ ಕಲ್ಲುಗೋಡೆ ಮೇಲೆ ಕೂರೋದು, ಹಿಂದಿಂದ ಬರೋ ಇಟಾಲಿಯನ್ ಅಜ್ಜಿ ತರಕಾರಿ ಚೀಲ ಹಿಡ್ಕೊಂಡು ನಮ್ಮನ್ನ ದಾಟಿ ಹೋಗೋದು. ಆಯಮ್ಮಂಗೆ ಎಂಬತ್ತು ಗ್ಯಾರಂಟಿ. ಮೇಲೆ ಹೋದ್ಮೇಲೆ ಗೊತ್ತಾಯ್ತು, ಇದು ರಿಸೆಪ್ಶನ್ ಮಾತ್ರ, ರೂಮು ಅಲ್ಲಿಂದ ಎರಡು ಮಹಡಿ ಕೆಳಗೆ, ಲಿಫ್ಟ್ ಇಲ್ಲ.

ರೇಟು ರಾತ್ರಿಗೆ 210 ಯೂರೋ. ಅದರ ಮೇಲೆ ಒಂದು ಸೂಟ್‌ಕೇಸ್ ಹೊತ್ತು ತರೋಕೆ 10, ಏಸಿ ರಿಮೋಟ್ ಬೇಕಂದ್ರೆ ದಿನಕ್ಕೆ 8, ಆಮೇಲೆ ಟೂರಿಸ್ಟ್ ಟ್ಯಾಕ್ಸು. ಟ್ಯಾಕ್ಸ್ ಬಗ್ಗೆ ಜಗಳ ಮಾಡ್ಬೇಡಿ, ಅದು ಆಯಾ ಊರಿನ ಪುರಸಭೆದು, ತಲೆಗಿಷ್ಟು ರಾತ್ರಿಗಿಷ್ಟು ಅಂತ ಇರುತ್ತೆ, ಆನ್‌ಲೈನಲ್ಲಿ ಪೂರ್ತಿ ದುಡ್ಡು ಕಟ್ಟಿದ್ರೂ ಅಲ್ಲಿ ಬೇರೆ ಕೊಡ್ಬೇಕು, ಎಷ್ಟೋ ಕಡೆ ಕ್ಯಾಶೇ ಕೇಳ್ತಾರೆ. ಏಸಿಗೆ ಬೇರೆ ದುಡ್ಡು ಅನ್ನೋದು ಮಾತ್ರ ಉರಿ ಹತ್ಸುತ್ತೆ. ಇನ್ನು ಸೀ ವ್ಯೂ ಕತೆ ಕೇಳಿ, ಬಾಲ್ಕನೀಲಿ ಎಡಗಡೆ ತುದೀಗೆ ಹೋಗಿ ಕಂಬಿ ಹಿಡಿದು ಬಗ್ಗಿದ್ರೆ ಪಕ್ಕದ ಮನೆ ನೀರಿನ ಟ್ಯಾಂಕಿಗೂ ಒಣಗ್ಹಾಕಿದ ಬೆಡ್‌ಶೀಟಿಗೂ ಮಧ್ಯ ಒಂದು ಗೇಣು ನೀಲಿ. ಅಪ್ಪ ಅಲ್ಲಿ ನಿಂತು "ಇದಕ್ಕೆ ಎಷ್ಟು ಕೊಟ್ಟೆ?" ಅಂದ್ರು. ರೂಪಾಯಿಲಿ ಹೇಳೋ ಧೈರ್ಯ ಆಗ್ಲಿಲ್ಲ.

ಅದಕ್ಕೆ ಬುಕ್ ಮಾಡೋ ಮುಂಚೆ ಹೋಟೆಲಿಗೆ ಮೆಸೇಜ್ ಹಾಕಿ ಸ್ಪಷ್ಟವಾಗಿ ಕೇಳಿ, ಕಾರು ನಿಲ್ಲೋ ಜಾಗದಿಂದ ರಿಸೆಪ್ಶನ್‌ಗೆ ಎಷ್ಟು ಮೆಟ್ಟಿಲು, ರಿಸೆಪ್ಶನಿಂದ ನಮ್ಮ ರೂಮಿಗೆ ಎಷ್ಟು, ಲಿಫ್ಟ್ ಇದ್ರೆ ಅದು ರೋಡ್ ಲೆವೆಲಿಂದನೇ ಶುರುವಾಗುತ್ತಾ. "ಕೆಲವು ಮೆಟ್ಟಿಲುಗಳಿವೆ" ಅಂತ ಉತ್ತರ ಬಂದ್ರೆ ಮುಂದಿನ ಹೋಟೆಲ್ ನೋಡಿ. ಬಸ್ ಸ್ಟಾಪಿಂದ ಗೇಟ್ ತನಕ ಸ್ಟ್ರೀಟ್ ವ್ಯೂನಲ್ಲಿ ಬೆರಳಾಡಿಸ್ಕೊಂಡು ಹೋಗಿ, ಎಲ್ಲಿ ಕಾರ್ ದಾರಿ ನಿಲ್ಲುತ್ತೋ ಅಲ್ಲಿಂದ ನಿಮ್ಮ ಕಷ್ಟ ಶುರು ಅಂತ ಲೆಕ್ಕ. ಕೆಲವು ಹೋಟೆಲು ಜಾಹೀರಾತಲ್ಲಿ ಅಮಾಲ್ಫಿ ಅಂತ ಹಾಕಿ ಪೊಜೆರೋಲಾದಲ್ಲಿ ಇರುತ್ತೆ, ಅದು ಲೆಕ್ಕಕ್ಕೆ ಅಮಾಲ್ಫಿ ಊರಿಗೇ ಸೇರಿದ್ದು ಆದ್ರೆ ಬೆಟ್ಟದ ಮೇಲೆ. ಪೊಸಿಟಾನೋ ಅಂತ ಹಾಕಿ ನೊಚೆಲ್ಲೆಯಲ್ಲಿ ಇರುತ್ತೆ, ಅಲ್ಲಿಂದ ಕೆಳಗಿನ ಮೇನ್ ರೋಡಿಗೆ ಸಾವಿರದೈನೂರಕ್ಕಿಂತ ಜಾಸ್ತಿ ಮೆಟ್ಟಿಲು. ಪೊಸಿಟಾನೋ ಒಳಗೇ ಸಿಕ್ರೂ ಬಸ್ಸು ನಿಲ್ಲೋದು ಮೇಲೆ, ಕಿಯೇಸಾ ನ್ವೋವಾ ಮತ್ತೆ ಸ್ಪೋಂದಾ ಅಂತ ಎರಡು ಸ್ಟಾಪು, ನಿಮ್ಮ ಹೋಟೆಲಿಗೆ ಯಾವುದು ಹತ್ರ ಅಂತ ಮೊದಲೇ ತಿಳ್ಕೊಳ್ಳಿ. ಇನ್ನೊಂದು, 2025ರಿಂದ ಇಟಲೀಲಿ ಬಾಡಿಗೆ ಮನೆ, ಹೋಟೆಲ್ ಎಲ್ಲದಕ್ಕೂ ಸಿಐಎನ್ ಅಂತ ಒಂದು ನಂಬರ್ ಕಡ್ಡಾಯ, ಜಾಹೀರಾತಲ್ಲೇ ಹಾಕಿರ್ಬೇಕು. ಅದಿಲ್ದೆ ಇದ್ರೆ ನಾನಂತೂ ಮುಟ್ಟಲ್ಲ.

ವೀಸಾಗೋಸ್ಕರ ಬೆಂಗಳೂರಿಂದ ಏನೋ ಒಂದು ಫ್ರೀ ಕ್ಯಾನ್ಸಲೇಶನ್ ಹೋಟೆಲ್ ಬುಕ್ ಮಾಡಿರ್ತೀರಲ್ಲ, ವೀಸಾ ಬಂದ ಖುಷೀಲಿ ಅದನ್ನೇ ಇಟ್ಕೊಂಡ್ಬಿಡ್ತಾರೆ ಜನ. ಕೂತು ಇನ್ನೊಂದ್ಸಲ ಮ್ಯಾಪ್ ನೋಡಿ.

ಆಮೇಲೆ ಬಸ್ಸು. ಪ್ರಯಾನೋ ಬಿಟ್ಟು ಈ ಕರಾವಳಿಯ ಪೂರ್ವ ತುದೀಲಿರೋ ಸಲೆರ್ನೋಗೆ ಹೋಗೋಣ ಅಂತ ಡಿಸೈಡ್ ಮಾಡಿ, ಉಳಿದ ರಾತ್ರಿಗಳ ದುಡ್ಡು ವಾಪಸ್ ಕೊಡಲ್ಲ ಅಂದ್ರು, ಹಾಳಾಗೋಗ್ಲಿ ಅಂತ ಬೆಳಿಗ್ಗೆ ಲಗೇಜ್ ಸಮೇತ ಕೆಳಗಿಳಿದು ಸ್ಟಾಪಲ್ಲಿ ನಿಂತ್ವಿ. ಸ್ಟಾಪು ಅಂದ್ರೆ ಒಂದು ಕಂಬ, ನೆರಳಿಲ್ಲ, ಕೂರೋಕೆ ಜಾಗ ಇಲ್ಲ, ಬೆನ್ನ ಹಿಂದೆ ಗೋಡೆ, ಕಾಲ್ಬೆರಳ ಮುಂದೆ ಸ್ಕೂಟರುಗಳು. ಅಲ್ಲಿ ಬಸ್ಸುಗಳು ಸೊರೆಂಟೋದಲ್ಲೋ ಪೊಸಿಟಾನೋದಲ್ಲೋ ತುಂಬ್ಕೊಂಡು ಬರ್ತವೆ, ಮಧ್ಯದ ಊರಲ್ಲಿ ನಿಲ್ಸೋದೇ ಇಲ್ಲ. ಮೊದಲನೇ ಡ್ರೈವರ್ ಕೈ ಅಲ್ಲಾಡಿಸ್ಕೊಂಡು ಹೋದ, ಎರಡನೆಯವನು ಅದೂ ಇಲ್ಲ. ಒಂದೂವರೆ ಗಂಟೆ ಆದ್ಮೇಲೆ ಒಂದು ನಿಲ್ತು, ಅಮ್ಮಂಗೆ ಯಾರೋ ಸ್ಪ್ಯಾನಿಷ್ ಹುಡುಗಿ ಎದ್ದು ಜಾಗ ಕೊಟ್ಲು, ನಾನೂ ಅಪ್ಪನೂ ಮೆಟ್ಟಿಲ ಮೇಲೆ. ಆ ರೋಡು ಹೆಂಗಿದೆ ಅಂದ್ರೆ ಆಗುಂಬೆ ತಿರುವುಗಳನ್ನ ತಂದು ಸಮುದ್ರದ ಪಕ್ಕ ನೇತಾಕಿ ಎರಡೂ ಕಡೆಯಿಂದ ಟೂರಿಸ್ಟ್ ಬಸ್ ಬಿಟ್ಟಂಗೆ. ಒಂದು ತಿರುವಲ್ಲಿ ಎದುರಿಗೆ ಇನ್ನೊಂದು ಬಸ್ಸು, ಇಬ್ರು ಡ್ರೈವರ್‌ಗಳೂ ಕನ್ನಡಿ ಮಡಚ್ಕೊಂಡ್ರು, ನಮ್ಮವನು ರಿವರ್ಸು, ಹಿಂದೆ ಹತ್ತು ಕಾರುಗಳೂ ರಿವರ್ಸು, ಒಬ್ಬ ಕಾರಿನವನು ಇಳಿದು ಬಂದು ಭಾಷಣ ಮಾಡ್ದ. ಯಾರಿಗೂ ಏನೂ ಆಗ್ಲಿಲ್ಲ, ಎರಡು ಬಸ್ ಮಧ್ಯ ನಾಲ್ಕು ಬೆರಳು ಜಾಗ ಇತ್ತು, ಡ್ರೈವಿಂಗ್ ಬಗ್ಗೆ ಸೆಲ್ಯೂಟ್. ಆದ್ರೆ ಅಪ್ಪ ಆವತ್ತು ಮಧ್ಯಾಹ್ನ ಊಟ ಬೇಡ ಅಂದ್ರು. ವಾಂತಿ ಮಾತ್ರೆ ಇಲ್ದೆ ಹತ್ತಬೇಡಿ. ಟಿಕೆಟ್ ತಬಾಕಿ ಅಂಗಡೀಲಿ, ಅಂದ್ರೆ ಸಿಗರೇಟು ಮಾರೋ ಅಂಗಡೀಲಿ, ಮೊದಲೇ ತಗೊಂಡಿರಿ, ಕರೀ ಬೋರ್ಡಲ್ಲಿ ಟಿ ಅಕ್ಷರ ಇರುತ್ತೆ, ಮಧ್ಯಾಹ್ನ ಬಾಗಿಲು ಹಾಕಿರ್ತಾರೆ, ಡ್ರೈವರ್ ಕೊಡ್ತಾನೆ ಅಂತ ನಂಬ್ಕೊಂಡು ನಿಲ್ಲಬೇಡಿ.

ಅಮಾಲ್ಫಿಯಲ್ಲಿ ಬಸ್ ಇಳಿದು ಸಲೆರ್ನೋಗೆ ಬೋಟು ಹತ್ತಿದ್ವಿ ನೋಡಿ, ಅಲ್ಲಿಂದ ಟ್ರಿಪ್ಪೇ ಬದಲಾಯ್ತು. 35 ನಿಮಿಷ, ತಣ್ಣನೆ ಗಾಳಿ, ಬಸ್ಸಿಂದ ಕಾಣದೇ ಇರೋ ಊರುಗಳೆಲ್ಲ ಬೋಟಿಂದ ಪೂರ್ತಿ ಕಾಣ್ತವೆ. ದೊಡ್ಡ ಸೂಟ್‌ಕೇಸಿಗೆ ಒಂದೆರಡು ಯೂರೋ ಬೇರೆ ತಗೋತಾರೆ, ಕೊಡಿ, ಹೊತ್ತು ಸಾಯೋದಕ್ಕಿಂತ ವಾಸಿ.

ಸಲೆರ್ನೋ ಯಾರೂ ಹೇಳದೇ ಇರೋ ಊರು, ಇನ್‌ಸ್ಟಾಗ್ರಾಮಲ್ಲಿ ಬರಲ್ಲ. ಪಕ್ಕಾ ಊರು, ಬಂದರು, ಆಫೀಸು, ಕಾಲೇಜು ಹುಡುಗರು, ಮುಖ್ಯವಾಗಿ ಸಮತಟ್ಟು. ರೋಮಿಂದ ಫಾಸ್ಟ್ ಟ್ರೈನು ಸುಮಾರು ಎರಡು ಗಂಟೆ, ನೇಪಲ್ಸಿಂದ 40 ನಿಮಿಷ. ಸ್ಟೇಷನ್ ಮುಂದೆಯೇ ಕೊರ್ಸೋ ವಿತ್ತೋರಿಯೋ ಎಮಾನುಯೆಲೆ ಅಂತ ಗಾಡಿ ಬಿಡದೇ ಇರೋ ಬೀದಿ, ಅದರ ಆಸುಪಾಸಲ್ಲೇ ರೂಮ್ ಹುಡುಕಿ, ಅಲ್ಲಿಂದ ಪಿಯಾತ್ಸಾ ದೆಲ್ಲಾ ಕೊಂಕೋರ್ದಿಯಾ ಬೋಟ್ ಸ್ಟ್ಯಾಂಡ್ ನಡೆದು ಹೋಗೋ ದೂರ. ಒಂದು ಜಾಗ್ರತೆ, ಊರಿನ ಇನ್ನೊಂದು ತುದೀಲಿ ಮೋಲೋ ಮಾನ್‌ಫ್ರೆದಿ ಅಂತ ಎರಡನೇ ಜೆಟ್ಟಿ ಇದೆ, ಆರ್ಕಿಟೆಕ್ಟ್ ಝಹಾ ಹದೀದ್ ಡಿಸೈನ್ ಮಾಡಿದ ಟರ್ಮಿನಲ್ ಇರೋ ಕಡೆ, ಕೆಲವು ಬೋಟು ಅಲ್ಲಿಂದ ಹೊರಡ್ತವೆ, ಟಿಕೆಟಲ್ಲಿ ಯಾವ ಜೆಟ್ಟಿ ಅಂತ ನೋಡ್ಕೊಳ್ಳಿ. ನಾವು 95 ಯೂರೋಗೆ ಮೂರು ಬೆಡ್ಡಿನ ರೂಮ್ ತಗೊಂಡ್ವಿ, ಲಿಫ್ಟಲ್ಲಿ ಒಂದ್ಸಲಕ್ಕೆ ಇಬ್ರು ಮತ್ತೆ ಒಂದು ಸೂಟ್‌ಕೇಸು ಅಷ್ಟೇ, ಆದ್ರೆ ಲಿಫ್ಟ್ ಇತ್ತು! ಶನಿವಾರ ರಾತ್ರಿ ಹಳೇ ಊರಿನ ಬೀದಿಗಳಲ್ಲಿ ಎರಡು ಗಂಟೆ ತನಕ ಗಲಾಟೆ, ನಿದ್ದೆ ಸೂಕ್ಷ್ಮ ಇರೋರು ಒಳಗಿನ ಅಂಗಳದ ಕಡೆ ರೂಮ್ ಕೇಳಿ. ಈಜೋಕೆ ಅಂತ ಬರೋರಿಗೆ ಸಲೆರ್ನೋ ಬೀಚು ಸುಮಾರಾಗಿದೆ, ಅದನ್ನ ಒಪ್ಕೋತೀನಿ. ಹೆಚ್ಚುಕಮ್ಮಿ ನವೆಂಬರಿಂದ ಜನವರಿ ತನಕ ಇಲ್ಲಿ ಬೀದಿ ದೀಪಾಲಂಕಾರದ ಹಬ್ಬ ಇರುತ್ತೆ, ಮಿಕ್ಕ ಕಡಲೂರುಗಳ ಹೋಟೆಲ್ ಬಾಗಿಲು ಹಾಕಿದ್ರೆ ಇಲ್ಲಿ ವೀಕೆಂಡ್ ರೇಟು ಏರಿರುತ್ತೆ.

ಬಾತ್‌ರೂಮ್ ವಿಷಯ ಕೇಳೇ ಕೇಳ್ತೀರ, ಹೇಳ್ಬಿಡ್ತೀನಿ. ಯೂರೋಪಲ್ಲಿ ಮಿಕ್ಕ ಕಡೆ ಪೇಪರ್ ಅಂತ ಒದ್ದಾಡಿದ್ದ ಅಮ್ಮಂಗೆ ಇಲ್ಲಿ ಸಮಾಧಾನ, 1975ರ ನಿಯಮದ ಪ್ರಕಾರ ಇಟಲೀಲಿ ಮನೆಗೊಂದು ಬಿಡೆ (ಟಾಯ್ಲೆಟ್ ಪಕ್ಕ ನೀರಲ್ಲಿ ತೊಳ್ಕೊಳ್ಳೋಕೆ ಇರೋ ಬೇಸಿನ್ನು) ಇರಲೇಬೇಕು, ಹೋಟೆಲುಗಳಲ್ಲೂ ಸಾಮಾನ್ಯವಾಗಿ ಇರುತ್ತೆ. ಆದ್ರೂ ಒಂದು ಮಗ್ ಇಟ್ಕೊಳ್ಳಿ.

ಊಟ. ಸಲೆರ್ನೋ ಹಳೇ ಊರಲ್ಲಿ, ವಿಯಾ ದೇಯ್ ಮೆರ್ಕಾಂತಿಯಿಂದ ಒಂದು ಗಲ್ಲಿ ಒಳಗೆ, ಒಂದು ಸಣ್ಣ ಅಡುಗೆ ಅಂಗಡಿ, ಟೇಬಲ್ಲು ಬೆರಳೆಣಿಕೆ, ಗಾಜಿನ ಹಿಂದೆ ಸ್ಟೀಲ್ ಟ್ರೇಗಳು. ಹೋಟೆಲಲ್ಲ, ಊರಿನೋರು ಮಧ್ಯಾಹ್ನ ಡಬ್ಬಿ ಹಿಡ್ಕೊಂಡು ಬಂದು ಕಟ್ಟಿಸ್ಕೊಂಡು ಹೋಗೋ ಜಾಗ. ಚಂಬೊತ್ತಾ ಅಂತ ಮಾಡ್ತಾರೆ, ಬದನೆಕಾಯಿ, ಆಲೂಗಡ್ಡೆ, ದಪ್ಪ ಮೆಣಸಿನಕಾಯಿ, ಟೊಮ್ಯಾಟೊ ಎಲ್ಲ ಆಲಿವ್ ಎಣ್ಣೇಲಿ ಮೆತ್ತಗೆ ಬೇಯ್ಸಿ ತುಳಸಿ ಜಾತಿ ಎಲೆ ಹಾಕೋದು, ಮೊಟ್ಟೆ ಇಲ್ಲ ಚೀಸ್ ಇಲ್ಲ. ಅಮ್ಮ ಪರ್ಸಿಂದ ಶೇಂಗಾ ಚಟ್ನಿಪುಡಿ ಪೊಟ್ಟಣ ತೆಗೆದು ಅದರ ಮೇಲೆ ಉದುರಿಸಿ ದಪ್ಪ ಸಿಪ್ಪೆ ಬ್ರೆಡ್ಡಲ್ಲಿ ಅದ್ದಿ ತಿಂದ್ರು, ಕೌಂಟರ್ ಆಯಮ್ಮ ಅದೇನು ಅಂತ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಕೊಂಡ್ಳು, ಕಣ್ಣಲ್ಲಿ ನೀರು, ಆಮೇಲೆ ಇನ್ನೊಂದು ಚಿಟಿಕೆ. ಮಾರನೇ ದಿನದಿಂದ ನಾವು ಒಳಗೆ ಕಾಲಿಟ್ಟ ತಕ್ಷಣ ಯಾವ ಟ್ರೇ ನಮಗೆ ಆಗಲ್ಲ ಅಂತ ಅವಳೇ ತಲೆ ಅಲ್ಲಾಡ್ಸೋಳು. ಸೌತೆ ಜಾತಿ ಸುಕ್ಕಿನಿ ಕರಿದು ವಿನೆಗರ್ ಪುದೀನ ಹಾಕಿದ್ದು ಅಪ್ಪಂಗೆ ಇಷ್ಟ, ಕಡಲೆಕಾಳು ಪಾಸ್ತಾ ನಂಗೆ. ಮೂರು ಜನ ಹೊಟ್ಟೆ ತುಂಬ ತಿಂದು 20 ಯೂರೋ ದಾಟಿದ್ದು ಕಾಣೆ, ಪೊಸಿಟಾನೋದಲ್ಲಿ ಅದಕ್ಕೆ ಎರಡು ನಿಂಬೆ ಶರಬತ್ತು. ಇಂಥ ಅಂಗಡಿಗಳು ಎಲ್ಲ ಊರಲ್ಲೂ ಇರ್ತವೆ, ಬೋರ್ಡಲ್ಲಿ ಗ್ಯಾಸ್ಟ್ರೊನೊಮಿಯಾ ಅಂತಿರುತ್ತೆ. ಎಷ್ಟೋ ಕಡೆ ರೇಟು 100 ಗ್ರಾಮಿಗೆ ಬರೆದಿರ್ತಾರೆ, ಪ್ಲೇಟಿಗೆ ಅಲ್ಲ, ಬಿಲ್ ನೋಡಿ ಬೆಚ್ಚಿ ಬೀಳ್ಬೇಡಿ. ಎರಡೂವರೆ ಆದ್ರೆ ಖಾಲಿ. ಕೇಳೋಕೆ "ಸೆನ್ತ್ಸಾ ಕಾರ್ನೆ, ಸೆನ್ತ್ಸಾ ಪೆಶ್ಶೆ, ಸೆನ್ತ್ಸಾ ವೋವಾ" ಸಾಕು, ಮಾಂಸ ಇಲ್ದೆ, ಮೀನು ಇಲ್ದೆ, ಮೊಟ್ಟೆ ಇಲ್ದೆ ಅಂತ. ಮೀನು ಅನ್ನೋದನ್ನ ಬಿಡಬೇಡಿ, ಪಕ್ಕದ ಚೆತಾರಾ ಊರು ಆಂಚೊವಿ ಮೀನಿನ ರಸಕ್ಕೇ ಫೇಮಸ್ಸು, ತರಕಾರಿ ಮೇಲೂ ಪಾಸ್ತಾ ಮೇಲೂ ಒಂದೆರಡು ಹನಿ ಹಾಕ್ಬಿಟ್ಟಿರ್ತಾರೆ. ಚೀಸೇ ಬೇಡ ಅನ್ನೋರಿಗೆ ಪಿಜ್ಜಾ ಮರಿನಾರಾ, ಟೊಮ್ಯಾಟೊ ಬೆಳ್ಳುಳ್ಳಿ ಅಷ್ಟೇ, ಅಗ್ಗನೂ ಹೌದು.

ಸಮುದ್ರದ ಪಕ್ಕನೇ ಇರ್ಬೇಕು ಅನ್ನೋ ಹಠ ಇದ್ರೆ ಮಯೋರಿ ನೋಡಿ. 1954ರ ಅಕ್ಟೋಬರಲ್ಲಿ ಭಾರಿ ಪ್ರವಾಹ ಬಂದು ಊರಿನ ಎಷ್ಟೋ ಭಾಗ ಕೊಚ್ಚಿಹೋಯ್ತು, ಆಮೇಲೆ ಕಟ್ಟಿದ್ದಕ್ಕೆ ರಸ್ತೆ ಅಗಲ, ಕಟ್ಟಡಗಳು ಸಪ್ಪೆ, ಅದಕ್ಕೇ ಫೋಟೋ ಹುಚ್ಚಿರೋರು ಬೈತಾರೆ. ನಮಗೆ ಅದೇ ವರ, ಸಮತಟ್ಟು ಇದೆ, ಲಿಫ್ಟ್ ಇರೋ ಹೋಟೆಲ್ ಸಿಗುತ್ತೆ, ಈ ಕರಾವಳಿಯ ಅತಿ ಉದ್ದದ ಬೀಚು ಅಲ್ಲೇ ಇರೋದು, ಬೋಟೂ ನಿಲ್ಲುತ್ತೆ. ಪಕ್ಕದ ಮಿನೋರಿ ಇನ್ನೂ ಚಿಕ್ಕದು, ಅದೂ ಪರವಾಗಿಲ್ಲ. ಅತ್ರಾನಿ ಮುದ್ದಾಗಿದೆ, ವಿಸ್ತೀರ್ಣದಲ್ಲಿ ಇಟಲಿಯ ಅತಿ ಚಿಕ್ಕ ಪುರಸಭೆ, ನೋಡ್ಕೊಂಡು ಬನ್ನಿ, ಇರೋಕೆ ಮಾತ್ರ ಮತ್ತೆ ಅದೇ ಮೆಟ್ಟಿಲು. ರವೆಲ್ಲೋ ಮೇಲೆ ತಂಪಾಗಿದೆ, ಆದ್ರೆ ಪ್ರತಿ ಸಲ ಕೆಳಗೆ ಬರೋಕೆ ಬಸ್ಸೇ ಗತಿ. ಹತ್ತಿರದ ಪೊಂಪೈ ಅವಶೇಷಗಳ ಬಗ್ಗೆ ಬರೆಯಲ್ಲ, ಎಲ್ರೂ ಬರೆದಿದಾರೆ.

ಮದುವೆಯಾದ ಹೊಸದು, ದುಡ್ಡಿದೆ, ಮಂಡಿ ಗಟ್ಟಿಯಿದೆ ಅನ್ನೋರು ಪೊಸಿಟಾನೋದಲ್ಲೇ ಇರಿ, ಸಂಜೆ ಡೇ ಟ್ರಿಪ್ ಜನ ಹೋದ್ಮೇಲೆ ಊರು ನಿಮ್ದೇ. ಮಿಕ್ಕವರು ಸಲೆರ್ನೋದಿಂದ ಬೆಳಿಗ್ಗೆ ಮೊದಲನೇ ಬೋಟಿಗೆ ಹೋಗಿ, ವಾಪಸ್ ಟಿಕೆಟ್ ಆಗ್ಲೇ ತಗೊಂಡ್ಬಿಡಿ, ಸಂಜೆ ಬೋಟಿಗೆ ಜೆಟ್ಟೀಲಿ ಬಿಸಿಲಲ್ಲಿ ಉದ್ದ ಕ್ಯೂ ಇರುತ್ತೆ. ಬೋಟುಗಳು ಓಡೋದು ಹೆಚ್ಚುಕಮ್ಮಿ ಏಪ್ರಿಲಿಂದ ಅಕ್ಟೋಬರ್ ತನಕ, ಸಮುದ್ರ ಎದ್ರೆ ಅವತ್ತಿನ ಬೆಳಿಗ್ಗೆನೇ ಕ್ಯಾನ್ಸಲ್ ಮಾಡ್ತಾರೆ, ಆಗ ಎಲ್ರೂ ಬಸ್ಸಿಗೇ ನುಗ್ಗೋದು. ಅದಕ್ಕೆ ಈ ಕಡಲೂರುಗಳಲ್ಲಿ ಉಳ್ಕೊಂಡಿದ್ರೆ ವಿಮಾನ ಇರೋ ದಿನಕ್ಕೆ ಹಿಂದಿನ ರಾತ್ರಿನೇ ಸಲೆರ್ನೋಗೋ ನೇಪಲ್ಸಿಗೋ ಬಂದು ಮಲಗಿ, ಶುಕ್ರವಾರ ಆದ್ರಂತೂ ಟ್ರೈನ್ ಸ್ಟ್ರೈಕ್ ಇದೆಯಾ ಅಂತನೂ ಒಂದ್ಸಲ ನೋಡ್ಕೊಳ್ಳಿ.