ಉಳಿದಿದ್ದ ಪ್ಯಾಡುಗಳು

ಕೊಪ್ಪಳದ ನನ್ನ ಕ್ಲಿನಿಕ್ ಮುಚ್ಚಿದಾಗ ಒಂದು ರಟ್ಟಿನ ಡಬ್ಬಿ ತುಂಬ ಚೀಟಿ ಪ್ಯಾಡುಗಳು ಮನೆಗೆ ಬಂದವು. ಮೇಲೆ ನನ್ನ ಹೆಸರು, ಕೆಳಗೆ ‘ರವಿವಾರ ರಜೆ’. ಎಸೆಯಲು ಮನಸ್ಸಾಗಲಿಲ್ಲ. ನಮ್ಮಾಕೆ ಹಿಂಬದಿಯಲ್ಲಿ ಕಿರಾಣಿ ಲೆಕ್ಕ ಬರೆದಳು, ನಾನು ಕವಿತೆ ಬರೆದೆ. ಅರವತ್ತೇಳಕ್ಕೆ ಇದೆಂಥ ಚಟ ಅಂತ ಮಗ ಫೋನಿನಲ್ಲೇ ನಕ್ಕ.

ಡಾಕ್ಟರು ಬರೆಯೋದು ಹೊಸದೇನಲ್ಲ ಬಿಡಿ. ‘ರಾಶಿ’ ಅಂತ ಹೆಸರಾದ ಡಾ. ಎಂ. ಶಿವರಾಂ 1942ರಲ್ಲೇ ‘ಕೊರವಂಜಿ’ ಹಾಸ್ಯ ಪತ್ರಿಕೆ ಶುರು ಮಾಡಿದ್ದರು, ಅದೂ ರೋಗಿಗಳನ್ನು ನೋಡಿಕೊಂಡೇ. ನನಗೆ ಎರಡೂ ಒಟ್ಟಿಗೆ ಆಗಲಿಲ್ಲ. ದಿನಕ್ಕೆ ಎಂಬತ್ತು ಜನ ಬರುವಾಗ ನಾನು ನೋಡಿದ್ದು ನಾಲಿಗೆ, ಊದಿದ ಪಾದ, ಬಿಳಿಚಿದ ಉಗುರು. ಮುಖ ನೋಡಿದ್ದು ಕಡಿಮೆ.

ಬಣ್ಣದ ಹುಚ್ಚು ಹತ್ತಿದ್ದು ಕಿನ್ನಾಳದಲ್ಲಿ. ಗೊಂಬೆ ಮಾಡುವ ಚಿತ್ರಗಾರರ ಮನೆಯೊಂದರಲ್ಲಿ ಸುಮ್ನೆ ಕೂರಲು ಹೋದವನು ವಾರಕ್ಕೊಮ್ಮೆ ಹೋಗತೊಡಗಿದೆ. ಗೋಣಿತಟ್ಟು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಪುಡಿ ಜೊತೆ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದಕ್ಕೆ ಕಿಟ್ಟ ಅನ್ನುತ್ತಾರೆ. ಹಗುರ ಕಟ್ಟಿಗೆಯ ಕೈಕಾಲು ಅದರಿಂದಲೇ ಕೂಡುತ್ತವೆ. ಮೇಲೆ ಅಂಟು ಬಟ್ಟೆ. ಮುರಿದ ಕೈಗೆ ಪ್ಲಾಸ್ಟರ್ ಹಾಕಿದ ಹಾಗೇ! ಇದು ನನಗೆ ಬರುತ್ತೆ ಅಂದುಕೊಂಡೆ. ನನ್ನ ಮೊದಲ ಗೊಂಬೆಗೆ ಪಕ್ಕೆಲುಬು, ಕೊರಳಿನ ಎಲುಬು ಎಲ್ಲಾ ಎದ್ದು ಕಾಣುತ್ತಿದ್ದವು. ಹಿರಿಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಸಾಹೇಬ್ರ, ಇದು ಗೊಂಬಿರೀ, ಎಕ್ಸ್‌ರೇ ಅಲ್ಲ.”

ಎರಡನೆಯದಕ್ಕೆ ತಲೆ ಕೂರಿಸಿ, ಕಿಟ್ಟ ಬಿಗಿಯಾಗುವವರೆಗೆ ಗೋಣು ಹಿಡಿದು ಕೂತಿದ್ದೆ. ಆಗ ನೆನಪಾದಳು ಒಬ್ಬ ಅವ್ವ. ಯಲಬುರ್ಗಾ ಕಡೆಯವಳು. ಅಲ್ಲಿಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತೆ, ಆಮೇಲೆ ಕೀಲು ಬಿಗಿಯುತ್ತೆ. ಅವಳ ಗೋಣು ಮೇಲೆ ಏಳುತ್ತಲೇ ಇರಲಿಲ್ಲ. ಇದಕ್ಕೆ ಗುಳಿಗೆ ಇಲ್ಲ. ನೀರು ಬದಲಿಸು ಅಂದೆ, ನೋವಿಗೆ ಏನೋ ಬರೆದುಕೊಟ್ಟೆ. ಏಳುವಾಗ ಅವಳು ಅಂದಿದ್ದಳು: “ಚಂದ್ರಾಮನ್ನ ನೋಡಬೇಕಂದ್ರ ಹೊರಸಿನ ಮ್ಯಾಲ ಮಕ್ಕೋತೀನ್ರಿ.” ನಾನು ಆಗಲೇ ಗಂಟೆ ಒತ್ತಿ ಮುಂದಿನವರನ್ನು ಕರೆದಿದ್ದೆ.

ಆ ರಾತ್ರಿ ಪ್ಯಾಡಿನ ಹಿಂಬದಿಯಲ್ಲಿ ಬರೆದೆ:

ಗೋಣು ಎತ್ತಲಾರದ ಅವ್ವ
ಹೊರಸಿನ ಮೇಲೆ ಅಂಗಾತ ಮಲಗಿ
ಇಡೀ ಆಕಾಶ ನೋಡುತ್ತಾಳೆ.
ನಾನು ಕೂತೇ ಇದ್ದೇನೆ
ಚೀಟಿ ನೋಡುತ್ತ.

ನನ್ನ ಅಕ್ಷರ ಮನೆಯಲ್ಲಿ ಯಾರಿಗೂ ತಿಳಿಯದು. ಓದಬಲ್ಲವನು ಒಬ್ಬನೇ, ಕ್ಲಿನಿಕ್ ಪಕ್ಕದ ಮೆಡಿಕಲ್ ಶಾಪಿನ ಹುಡುಗ. ಹುಡುಗ ಅಂದರೂ ಈಗ ಅವನಿಗೆ ಐವತ್ತು ದಾಟಿದೆ. ಅವನಿಗೇ ಕೊಟ್ಟೆ. ಎಲ್ಲೂ ತಡವರಿಸದೆ ಓದಿದ. ಅಭ್ಯಾಸಬಲ ನೋಡಿ, ಎಷ್ಟು ದಿನಕ್ಕೆ ಅಂತ ಹಾಳೆ ತಿರುವಿಯೂ ನೋಡಿದ.

“ಈ ಅವ್ವ ಈಗ ಹೆಂಗದಾಳ್ರಿ ಸರ?”

ಯಲಬುರ್ಗಾ ಕಡೆಯವಳು ಅಂದೆ. ಅವನು ಕೇಳಿದ್ದು ಅದಲ್ಲ.