ಬೆಟ್ಟಾ ಮರಿ ಮಾಡಿಸುವ ಎರಡನೇ ಪ್ರಯತ್ನ: ಈ ಸಲ ಹೆಣ್ಣನ್ನು ನೋಡಿದೆ

ಹೋದ ಸಲದ ತಪ್ಪನ್ನು ಮೊದಲು ಬರೆದುಬಿಡುತ್ತೇನೆ. ನನ್ನ ನೀಲಿ ಗಂಡು ಬೆಟ್ಟಾ, ಅಂದರೆ ಫೈಟರ್ ಮೀನು, ನೀರಿನ ಮೇಲೆ ಅಂಗೈ ಅಗಲದ ಗುಳ್ಳೆಗೂಡು ಕಟ್ಟಿತ್ತು. ಗೂಡು ಬಂತು, ಇನ್ನೇನು ಜೋಡಿ ಆಗುತ್ತೆ ಅಂದುಕೊಂಡು ಅದೇ ಸಂಜೆ ಹೆಣ್ಣನ್ನು ಬಿಟ್ಟೆ. ಬೆಳಿಗ್ಗೆ ನೋಡಿದರೆ ಹೆಣ್ಣಿನ ಬಾಲ ಅರ್ಧ ಹರಿದಿತ್ತು. ಅದು ಚೇತರಿಸಿಕೊಳ್ಳಲು ಒಂದು ತಿಂಗಳು ಬೇಕಾಯಿತು.

ಗಂಡು ಬೆಟ್ಟಾ ಒಂಟಿಯಾಗಿದ್ದರೂ ಗೂಡು ಕಟ್ಟುತ್ತದೆ. ಗೂಡು ಕಂಡರೆ ಗಂಡು ತಯಾರು ಅನ್ನಬಹುದು, ಅಷ್ಟೇ. ಹೆಣ್ಣು ಒಪ್ಪಿದೆಯಾ ಅನ್ನೋದು ಬೇರೆ ಮಾತು.

1ನೇ ದಿನ. ಒಂದೂವರೆ ಅಡಿ ಟ್ಯಾಂಕ್, ಐದು ಇಂಚು ನೀರು, ಹೀಟರ್ 28 ಡಿಗ್ರಿಗೆ. ಫಿಲ್ಟರ್ ನಿಲ್ಲಿಸಿದ್ದೇನೆ, ನೀರು ಅಲುಗಾಡಿದರೆ ಗೂಡು ಚದುರುತ್ತದೆ. ತಳಕ್ಕೆ ಕಲ್ಲು ಹಾಕಿಲ್ಲ. ಬಿದ್ದ ಮೊಟ್ಟೆ ಗಂಡಿನ ಕಣ್ಣಿಗೆ ಬೀಳಬೇಕಲ್ವಾ? ಒಂದು ಒಣಗಿದ ಕಾಡುಬಾದಾಮಿ ಎಲೆಯನ್ನು ತೇಲಿಬಿಟ್ಟೆ. ರಾತ್ರಿಯೊಳಗೆ ಗಂಡು ಅದರ ಕೆಳಗೇ ಗುಳ್ಳೆ ಬಿಡಲು ಶುರು ಮಾಡಿತು. ಗಾಳಿ ನುಂಗುತ್ತದೆ, ಬಾಯಿಯ ಲೋಳೆ ಸವರಿ ಉಗುಳುತ್ತದೆ. ಅದಕ್ಕೇ ಆ ಗುಳ್ಳೆ ಬೇಗ ಒಡೆಯಲ್ಲ. ಥಾಯ್ಲೆಂಡಿನ ಭತ್ತದ ಗದ್ದೆಗಳಂಥ ಬೆಚ್ಚಗಿನ, ನಿಂತ ನೀರು ಇದರ ಮೂಲ ಮನೆ. ಅಲ್ಲಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೊಟ್ಟೆಯನ್ನು ಗಾಳಿಗೆ ಹತ್ತಿರ ಇಡುವ ಈ ಉಪಾಯ ನನಗೆ ಎಷ್ಟು ಸಲ ನೋಡಿದರೂ ಬೆರಗೇ.

2ನೇ ದಿನ. ಹೆಣ್ಣನ್ನು ಹಳೆಯ ಲಾಟೀನಿನ ಗಾಜಿನೊಳಗೆ ಬಿಟ್ಟು ಅದೇ ಟ್ಯಾಂಕಿನ ಮಧ್ಯೆ ನಿಲ್ಲಿಸಿದೆ. ಗಂಡು ಕಿವಿರು ಅಗಲಿಸಿ, ರೆಕ್ಕೆ ಬಿಚ್ಚಿ ಕುಣಿಯಿತು. ಹೆಣ್ಣಿನ ಮೈಮೇಲೆ ಮಾತ್ರ ತಲೆಯಿಂದ ಬಾಲದವರೆಗೆ ಉದ್ದ ಗೆರೆ, ರೆಕ್ಕೆ ಮುದುಡಿಕೊಂಡಿತ್ತು. ಇದು ಹೆದರಿಕೆಯ ಗುರುತು. ಬಿಡಲಿಲ್ಲ.

4ನೇ ದಿನ. ಉದ್ದ ಗೆರೆ ಮಾಯ! ಈಗ ಮೇಲಿಂದ ಕೆಳಕ್ಕೆ ಇಳಿಯುವ ತಿಳಿ ಪಟ್ಟೆಗಳು. ಹೊಟ್ಟೆ ದುಂಡಗಾಗಿದೆ. ಗಂಡು ಬಂದರೆ ತಲೆ ತಗ್ಗಿಸಿ ಅದರ ಕಡೆಗೇ ತಿರುಗುತ್ತದೆ. ಹೊಟ್ಟೆಯ ಕೆಳಗಿನ ಬಿಳಿ ಚುಕ್ಕೆಯನ್ನೇ ಎಲ್ಲರೂ ಹೇಳುತ್ತಾರೆ, ಆದರೆ ಸಿದ್ಧವಿಲ್ಲದ ಹೆಣ್ಣಿನಲ್ಲೂ ಅದು ಕಾಣುತ್ತದೆ. ನಾನು ಅದನ್ನು ನಂಬಲ್ಲ. ತಿಳಿ ಬಣ್ಣದ ಹೆಣ್ಣಾದರೆ ಪಟ್ಟೆಯೂ ಸರಿಯಾಗಿ ಕಾಣಲ್ಲ, ಆಗ ನಡವಳಿಕೆಯೇ ಗತಿ.

5ನೇ ದಿನ. ಬೆಳಿಗ್ಗೆ ಎಂಟಕ್ಕೆ ಗಾಜು ಎತ್ತಿದೆ. ಗಂಡು ಅಟ್ಟಿಸಿಕೊಂಡು ಹೋಯಿತು, ಒಂದೆರಡು ಸಲ ಕಚ್ಚಿತು ಕೂಡ. ಎದೆ ಧಸಕ್ ಅಂತು. ಆದರೆ ಹೋದ ಸಲಕ್ಕೂ ಇದಕ್ಕೂ ವ್ಯತ್ಯಾಸ ಇತ್ತು. ಪ್ರತಿ ಸಲ ಅಟ್ಟಿದ ಮೇಲೆ ಗಂಡು ಗೂಡಿಗೆ ವಾಪಸ್ ಹೋಗಿ, ನಾಲ್ಕು ಗುಳ್ಳೆ ಸೇರಿಸಿ, ಮೈ ಬಳುಕಿಸುತ್ತಾ ಮತ್ತೆ ಕರೆಯಲು ಬರುತ್ತಿತ್ತು. ಗೂಡನ್ನೇ ಮರೆತು ಬೆನ್ನು ಬಿಡದೆ ಕಚ್ಚಿದರೆ ಅದು ಜಗಳ, ಕೂಡಲೇ ಬೇರೆ ಮಾಡಬೇಕು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ತಾನಾಗಿಯೇ ತಲೆ ತಗ್ಗಿಸಿ ಗೂಡಿನ ಕೆಳಗೆ ಬಂತು. ಗಂಡು ಅದರ ಸುತ್ತ ಮೈ ಬಳಸಿ ಬಿಗಿಯಾಗಿ ಅಪ್ಪಿತು. ಮೊದಲ ಕೆಲವು ಅಪ್ಪುಗೆಯಲ್ಲಿ ಏನೂ ಬರಲಿಲ್ಲ. ಆಮೇಲೆ ಬಿಳಿ ಗಸಗಸೆಯಂತೆ ಹತ್ತು ಹದಿನೈದು ಮೊಟ್ಟೆ ಉದುರಿದವು. ಹೆಣ್ಣು ಕೆಲವು ಕ್ಷಣ ಸತ್ತಂತೆ ಓರೆಯಾಗಿ ತೇಲುತ್ತದೆ. ಹೆದರಬೇಡಿ, ಅದು ಸಹಜ. ಅಷ್ಟರಲ್ಲಿ ಗಂಡು ಕೆಳಗಿಳಿದು ಒಂದೊಂದೇ ಮೊಟ್ಟೆ ಬಾಯಲ್ಲಿ ಹೆಕ್ಕಿ ಗೂಡಿಗೆ ಇಡುತ್ತದೆ. "ಅಪ್ಪನೇ ಬಾಣಂತನ ಮಾಡ್ತಾನಲ್ಲೋ!" ಅಂತ ಅಮ್ಮ ಕುರ್ಚಿ ಎಳೆದುಕೊಂಡು ಕೂತರು. ಮೂರು ಗಂಟೆಯ ನಂತರ ಗಂಡು ಹೆಣ್ಣನ್ನು ಗೂಡಿನ ಹತ್ತಿರಕ್ಕೇ ಬಿಡಲಿಲ್ಲ. ಮುಗಿಯಿತು ಅಂತ ಅರ್ಥ. ಹೆಣ್ಣನ್ನು ಹೊರಗೆ ತೆಗೆದೆ.

7ನೇ ದಿನ. ಮರಿ! ಗೂಡಿನಿಂದ ಸಣ್ಣ ಬಾಲಗಳು ಕೆಳಮುಖವಾಗಿ ನೇತಾಡುತ್ತಿವೆ. ಜಾರಿ ಬಿದ್ದದ್ದನ್ನು ಅಪ್ಪ ಎತ್ತಿ ಮೇಲಿಡುತ್ತಲೇ ಇದೆ. ಅದಕ್ಕೆ ಕಾಣಲಿ ಅಂತ ರಾತ್ರಿಯೂ ಒಂದು ಸಣ್ಣ ದೀಪ ಇಟ್ಟಿದ್ದೇನೆ.

10ನೇ ದಿನ. ಮರಿಗಳು ಅಡ್ಡಲಾಗಿ ಈಜುತ್ತಿವೆ. ಗಂಡಿನ ಕೆಲಸ ಇಲ್ಲಿಗೆ ಮುಗಿಯಿತು, ಬೇರೆ ಟ್ಯಾಂಕಿಗೆ ಹಾಕಿದೆ. ಮರಿಗಳಿಗೆ ಊಟ, ಮೊದಲೇ ತಯಾರು ಮಾಡಿದ್ದ ಇನ್ಫ್ಯೂಸೋರಿಯಾ (ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು) ನೀರು. ಟ್ಯಾಂಕಿನ ಮೇಲೆ ಮುಚ್ಚಳ ಹಾಕಿದ್ದೇನೆ. ಗಾಳಿ ಉಸಿರಾಡುವ ಅಂಗ ಬೆಳೆಯುವ ಈ ವಾರಗಳಲ್ಲಿ ತಣ್ಣನೆ ಗಾಳಿ ತಾಗಬಾರದು.

13ನೇ ದಿನ. ನಿನ್ನೆ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮರಿಗಳನ್ನು ಮೊದಲ ಸಲ ಹಾಕಿದೆ. ಟಾರ್ಚ್ ಹಿಡಿದು ನೋಡಿದರೆ ಐದಾರು ಬೆಟ್ಟಾ ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ತಿನ್ನುತ್ತಿವೆ! ಉಳಿದವಕ್ಕೆ ಸಂಜೆ ಇನ್ನೊಂದು ಸಲ ಹಾಕಿ ನೋಡಬೇಕು.